ಡುಮ್ಮಿಯ ಕೊನೆಯ ರೇಸು

ಭಾನುವಾರ, ಅಕ್ಟೋಬರ್ ೧೯

ಪ್ರೀತಿಯ ಭಾಮೈದನಿಗೆ,

ನಿನ್ನ ಭಾವನ ತುಂಬು ಮನಸ್ಸಿನ ಆಶೀರ್ವಾದಗಳು. ನಾನು, ನಿನ್ನ ಅಕ್ಕ, ಅತ್ತೆಯವರು ಮೂವರೂ ಆರೋಗ್ಯವಾಗಿದ್ದೇವೆ. ನಿನ್ನ ಅಕ್ಕನ ಕೋಪವಂತೂ ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾಗಿದೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ರೇಸಿನ ಕೆಲಸ ಎಂದು ನೆಪ ಹೇಳೋಣವೆಂದರೆ, "ಊಟಕ್ಕೆ ಪುರುಸೊತ್ತಿದೆ, ಕಾಗದಕ್ಕೆ ಇಲ್ವಾ?" ಎಂದು ಅವಳು ಆ ನೆಪವನ್ನೂ ಹರಿದುಹಾಕಿದ್ದಾಳೆ. ತಪ್ಪು ನನ್ನದೇ, ಕ್ಷಮಿಸು.

ಬೆರಳು ಹೇಗಿವೆ? ಅಂಗಿಯ ಗುಂಡಿ ನೀನೇ ಹಾಕಿಕೊಳ್ಳುತ್ತೀಯೆಂದು ಬರೆದಿದ್ದೆಯಲ್ಲ, ಆ ಸಾಲನ್ನು ಅತ್ತೆ ಮೂರು ಸಲ ಓದಿಸಿಕೊಂಡರು. ಆಮೇಲೆ ಒಳಗೆ ಹೋಗಿ ಯಾವುದೋ ಪಾತ್ರೆಯನ್ನು ಸುಮ್ಮನೆ ಇನ್ನೊಂದು ಸಲ ತೊಳೆದರು.

ವಿಷಯಕ್ಕೆ ಬರುತ್ತೇನೆ. ನಮ್ಮ ರೇಸು ತಂಡದ ಯಜಮಾನರು ಹೊಸ ಕಾರಿನ ಬ್ಯಾಟರಿ ವಿಭಾಗ ನೋಡಿಕೊಳ್ಳಲು ಬಾ ಎಂದು ನಿನ್ನನ್ನು ಕರೆದರೆ, ನೀನು "ಆತುರದ ಕೈ ಆ ಕೆಲಸಕ್ಕೆ ಸಲ್ಲದು. ನನಗೆ ಈ ಹೊಲಿಗೆ ಯಂತ್ರಗಳ ರಿಪೇರಿಯೇ ಸಾಕು. ತಪ್ಪಿದರೆ ಸೂಜಿ ಚುಚ್ಚುತ್ತದೆ, ಅಷ್ಟೇ" ಎಂದು ಬರೆದುಬಿಟ್ಟೆ. ಯಜಮಾನರು ಆ ಕುರ್ಚಿಯಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ. ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ನೀನು ಬರಬೇಕು. ಇದನ್ನು ಹೇಳುವುದಕ್ಕೇ ಈ ಕಾಗದ.

ಇನ್ನು ನಮ್ಮ ಡುಮ್ಮಿಯ ಸುದ್ದಿ. ಹೋದ ವಾರ ಅವಳು ಕೊನೆಯ ರೇಸು ಓಡಿ ನಿವೃತ್ತಳಾದಳು. ನೀನು ಆ ಹೆಸರಿಟ್ಟಾಗ ಅವಳ ತೂಕ ಇರಬೇಕಾದ್ದಕ್ಕಿಂತ ಮೂವತ್ತೆಂಟು ಕಿಲೋ ಹೆಚ್ಚಿತ್ತು, ನೆನಪಿದೆಯಾ? ಹಿಂದಿನ ಚಕ್ರಗಳಿಗೆ ಪೆಟ್ರೋಲ್ ಎಂಜಿನ್, ಮುಂದಿನವಕ್ಕೆ ನಿನ್ನ ವಿದ್ಯುತ್ ಮೋಟಾರು. ಎತ್ತು ಏರಿಗೆ, ಕೋಣ ನೀರಿಗೆ! ಮೊದಲ ವರ್ಷ ಒಂದು ರೇಸನ್ನೂ ಮುಗಿಸಲಿಲ್ಲ. ಪಕ್ಕದ ತಂಡದವರು ಅವಳನ್ನು ತಳ್ಳಿ ತಳ್ಳಿ, ನಮಗಿಂತ ಚೆನ್ನಾಗಿ ಅವಳನ್ನು ಬಲ್ಲವರಾಗಿದ್ದರು. ನೀನು ಹೋದ ಮೇಲೆ ನಿನ್ನ ನಕ್ಷೆಗಳನ್ನೇ ಮುಂದಿಟ್ಟುಕೊಂಡು ಗ್ರಾಂ ಗ್ರಾಂ ಲೆಕ್ಕದಲ್ಲಿ ಅವಳನ್ನು ಇಳಿಸಿದೆವು. ಈ ವರ್ಷ ಆರು ರೇಸುಗಳಲ್ಲಿ ಎರಡನ್ನು ಗೆದ್ದಳು. ಎರಡು ಸಲವೂ ನಿನ್ನನ್ನು ನೆನೆದು ಅತ್ತೆ.

ಅತ್ತೆ ಎಂದೊಡನೆ ನೆನಪಾಯಿತು. ನಿನ್ನ ಅಮ್ಮ ಒಂದು ದಿನ ಷೆಡ್ಡಿಗೆ ಬಂದು, "ಬೇರೆ ಕಾರುಗಳ ಹಾಗೆ ಇದು ನೆಟ್ಟಗೆ ಪೆಟ್ರೋಲ್ ಕುಡಿದು ಓಡಬಾರದಾ?" ಎಂದು ಕೇಳಿದರು. ಬ್ರೇಕ್ ಹಾಕಿದಾಗ ದಂಡವಾಗುವ ಶಕ್ತಿಯನ್ನು ಕೂಡಿಟ್ಟು, ತಿರುವು ದಾಟಿದ ಮೇಲೆ ಬಳಸುತ್ತದೆ ಎಂದು ವಿವರಿಸಿದೆ. ಅವರು ಡುಮ್ಮಿಯ ಮೈ ಸವರಿ, "ಅಂತೂ ಈ ಷೆಡ್ಡಲ್ಲಿ ಸಂಸಾರ ಗೊತ್ತಿರೋದು ಇವಳೊಬ್ಬಳಿಗೇ" ಎಂದು ನನ್ನ ಮುಖ ನೋಡಿದರು. ಹುಡುಗರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಕೊನೆಯದು ಆರು ಗಂಟೆಗಳ ರೇಸು. ನಮ್ಮ ಟೀಚರಮ್ಮ ಓಡಿಸುತ್ತಿದ್ದರು. ಶಾಲೆ ಬಿಟ್ಟು ರೇಸಿಗೆ ಬಂದವರು, ರೇಡಿಯೋದಲ್ಲಿ ಈಗಲೂ ನಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುವ ದನಿಯಲ್ಲೇ ಮಾತಾಡುತ್ತಾರೆ. ಐದನೆಯ ಗಂಟೆಗೆ ನಾವೇ ಮುಂದು. ಅಷ್ಟರಲ್ಲಿ ಕಲ್ಲೊಂದು ಹಾರಿ ಮುಂಭಾಗದ ಹೊದಿಕೆ ಒಡೆಯಿತು, ಮೋಟಾರಿನ ತಂತಿಗಳು ಹೊರಗೆ ಬಂದವು. ಒಳಗೆ ಕೈ ಹಾಕಲೇಬೇಕಾದ ಕೆಲಸ.

ನಮ್ಮ ಪದ್ಧತಿ ನಿನಗೆ ಹೇಳಿಕೊಡಬೇಕೇ? ವಿದ್ಯುತ್ ನಿಂತಿದೆ ಎಂದು ತೋರಿಸಲು ಕಾರಿನ ನೆತ್ತಿಯ ದೀಪ ಹಸಿರಾಗಬೇಕು. ಆಮೇಲೆ ರಬ್ಬರ್ ಕೈಗವಸಿನವನು, ಅಂದರೆ ನಾನು, ಒಂದು ಕೈ ಬೆನ್ನ ಹಿಂದಿಟ್ಟು ಮೀಟರ್ ಹಿಡಿದು ಸೊನ್ನೆ ನೋಡಿ "ಮುಟ್ಟು" ಅನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಮೂರು ವರ್ಷದ ಹಿಂದೆ ಷೆಡ್ಡಿನಲ್ಲಿ, ನಾನು ಹೇಳುವ ಮೊದಲೇ ನೀನು ಕೈ ಹಾಕಿದೆ ಎಂದು ಅಪಘಾತದ ವರದಿಯಲ್ಲಿದೆಯಲ್ಲ, ಅದೇ ಪದ್ಧತಿ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿದ್ದಾರಾ" ಎಂದು ನಿನ್ನ ಅಕ್ಕ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾಳೆ.

ದೀಪ ಹಸಿರಾಯಿತು. ಮುಂದಿರುವಾಗ ಮೀಟರಿನ ಎಂಟು ಸೆಕೆಂಡುಗಳನ್ನು ನುಂಗಿಬಿಡಬೇಕೆಂಬ ಆಸೆ ಎಲ್ಲರಿಗೂ. "ಹಸಿರಿದೆಯಲ್ರೀ, ಮುಟ್ಟು ಅನ್ನಿ!" ಎಂದು ಯಜಮಾನರೇ ಕೂಗಿದರು. ನಾನು ಅನ್ನಲಿಲ್ಲ. ಮೀಟರ್ ಹಿಡಿದೆ.

ನಾನೂರು ವೋಲ್ಟು!

"ಹಿಂದೆ ಸರೀರಿ!" ಎಂದು ಕಿರುಚಿದೆ. ನಮ್ಮ ಗುಬ್ಬಚ್ಚಿ (ಹೆಸರಿಗೆ ಗುಬ್ಬಚ್ಚಿ, ಒಂದೊಂದು ಕೈಯಲ್ಲಿ ಒಂದೊಂದು ಟೈರು ಎತ್ತುತ್ತಾಳೆ) ತಂತಿಯಿಂದ ಒಂದು ಗೇಣು ದೂರದಲ್ಲಿದ್ದಳು. ಬ್ಯಾಟರಿಯ ಪ್ಲಗ್ಗು ಕಿತ್ತು, ಸೊನ್ನೆಗೆ ಇಳಿಯುವವರೆಗೆ ಕಾದು, ಆಮೇಲೆ "ಮುಟ್ಟು" ಎಂದೆ. ಹೊದಿಕೆ ಬದಲಾಯಿಸಿ ಕಳಿಸುವಷ್ಟರಲ್ಲಿ ಎರಡು ನಿಮಿಷ ಹೋಗಿತ್ತು. ಟೀಚರಮ್ಮ ಹಲ್ಲು ಕಚ್ಚಿ ಓಡಿಸಿದರು. ಆದರೂ ನಾಲ್ಕು ಸೆಕೆಂಡಿನ ಅಂತರದಲ್ಲಿ ಎರಡನೆಯ ಸ್ಥಾನ.

ಯಜಮಾನರು ಟೋಪಿ ಎಸೆದು ಕುಣಿದದ್ದನ್ನು ನೀನು ನೋಡಬೇಕಿತ್ತು. "ಎರಡನೇ ಸ್ಥಾನಕ್ಕೆ ಯಾರಾದ್ರೂ ಹೀಗೆ ಕುಣೀತಾರಾ ಸಾರ್?" ಎಂದು ಗುಬ್ಬಚ್ಚಿ ಕೇಳಿದಳು. "ನಿನ್ನ ಹತ್ತು ಬೆರಳೂ ನೆಟ್ಟಗಿವೆಯಲ್ಲಮ್ಮ, ಕುಣಿಯದೆ ಏನು ಮಾಡ್ಲಿ" ಎಂದರು. ಅವಳು ನಗುತ್ತಲೇ ಟೈರಿನ ಮೇಲೆ ಕುಳಿತಳು.

ಮರುದಿನ ಬಿಚ್ಚಿ ನೋಡಿದೆವು. ಆ ದೀಪ ನೋಡುತ್ತಿದ್ದದ್ದು ಸ್ವಿಚ್ಚು ತಿರುಗಿದೆಯೇ ಎಂಬುದನ್ನು ಮಾತ್ರ, ತಂತಿಯಲ್ಲಿ ಕರೆಂಟು ಉಳಿದಿದೆಯೇ ಎಂಬುದನ್ನಲ್ಲ. ಅದನ್ನು ಜೋಡಿಸಿದವನು ಬೇರೆ, ನಿನ್ನ ನಕ್ಷೆಯಲ್ಲಿ ಸರಿಯಾಗಿಯೇ ಇತ್ತು. ಹೊಸ ಕಾರಿಗೆ ನಿನ್ನಂಥ ಕೈ ಬೇಕು ಎಂದು ಯಜಮಾನರು ಅದಕ್ಕೇ ಹಟ ಹಿಡಿದಿದ್ದಾರೆ.

ಅತ್ತೆ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾರೆ. ಅಕ್ಕ ನಿನಗೆ ಬಯ್ಯಬೇಕಾದ್ದನ್ನೆಲ್ಲ ಕೂಡಿಟ್ಟಿದ್ದಾಳೆ. ನಿನ್ನ ಕೈಗೆ ಬಲ ಬರಲಿ, ಮನಸ್ಸಿಗೆ ನೆಮ್ಮದಿ ಇರಲಿ, ನೂರು ಕಾಲ ಚೆನ್ನಾಗಿರು.

ಸದಾ ನಿನ್ನ ಒಳಿತನ್ನೇ ಬಯಸುವ,
ಭಾವ

ತಾ.ಕ.: ಮೇಲಿನದ್ದನ್ನು ನಿನ್ನ ಅಕ್ಕನಿಗೆ ಓದಿ ಹೇಳಿದ್ದೇನೆ, ಇದನ್ನು ಹೇಳಿಲ್ಲ. ಬರೆದ ಮೇಲೆ ಅವಳ ಕೈಗೇ ಕೊಡುತ್ತೇನೆ, ಓದಿಕೊಂಡು ಅಂಚೆಗೆ ಅವಳೇ ಹಾಕಲಿ.

ಆ ದಿನ ನೀನು ಆತುರಪಡಲಿಲ್ಲ. ದೀಪ ಹಸಿರಿತ್ತು, ನನಗೆ ಹಸಿವಾಗಿತ್ತು, ಮೀಟರನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. "ಮುಟ್ಟು" ಎಂದೆ. ನೀನು ಮುಟ್ಟಿದೆ. ಆಸ್ಪತ್ರೆಯಲ್ಲಿ ನೀನು, "ಭಾವ, ನೀವು ಹೇಳಿದ ಹಾಗೆ ಕೇಳಿಸ್ತು" ಎಂದಾಗ, "ಇಲ್ಲಪ್ಪ, ಶಾಕ್ ಹೊಡೆದವರಿಗೆ ಹಾಗೆಲ್ಲ ಅನಿಸುತ್ತೆ" ಎಂದುಬಿಟ್ಟೆ. ನೀನು ನನ್ನನ್ನು ನಂಬಿದೆ. ಗುಬ್ಬಚ್ಚಿಯ ಕೈ ಆ ತಂತಿಯ ಹತ್ತಿರ ಇದ್ದದ್ದನ್ನು ನೋಡಿದ ಮೇಲೆ ನನಗೆ ನಿದ್ದೆಯಿಲ್ಲ.

ನಿನ್ನೆ ಯಜಮಾನರಿಗೆ ಎಲ್ಲ ಹೇಳಿ, ಕೈಗವಸು ಅವರ ಮೇಜಿನ ಮೇಲಿಟ್ಟು ಬಂದೆ. ವರದಿಯನ್ನು ತಿದ್ದಿಸುತ್ತಾರೆ. ಹೊಸ ಕಾರಿನ ಷೆಡ್ಡಿನಲ್ಲಿ ನಾನು ಇರುವುದಿಲ್ಲ, ನನ್ನ ಮುಖ ನೋಡಬೇಕಲ್ಲ ಎಂದು ಹಿಂಜರಿಯಬೇಡ. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನಿನಗೆ ಸರಿಯಾಗಿಯೇ ಕೇಳಿಸಿತ್ತು.