ದಿನಕ್ಕೆ ನೂರು ಸಲ ಹಾರಬೇಕು

ಮಂಗಳವಾರ, ಜುಲೈ 8

ಮಗಳ ಸ್ಕಿಪ್ಪಿಂಗ್ ಇವತ್ತೂ ಹನ್ನೆರಡನೇ ಸಲಕ್ಕೇ ನಿಂತುಹೋಯ್ತು. ಕೆಳಗಿಂದ ಓನರ್ ಮುನಿಲಕ್ಷ್ಮಮ್ಮ ಕೂಗಿದ್ರು, "ಏನಮ್ಮಾ, ನಮ್ ತಲೆ ಮೇಲೇ ಕುಣೀತೀರಾ?"

ಮಿತ್ರಾಗೆ ಏಳೇ ವರ್ಷ. ಒಂದು ಮಹಡಿ ಹತ್ತೋಷ್ಟ್ರಲ್ಲಿ ಏದುಸಿರು. ದಿನಾ ನೂರು ಸಲ ಹಾರಿಸಿ ಅಂತಾರೆ ಡಾಕ್ಟ್ರು. ಎಲ್ಲಿ ಹಾರಿಸ್ಲಿ? ಟೆರೇಸಿಗೆ ಬೀಗ. ಈ ಜರಗನಹಳ್ಳಿ ರಸ್ತೆ ತುಂಬಾ ಬೈಕು. ಪಾರ್ಕಲ್ಲಿ ವಾಕಿಂಗ್ ಅಂಕಲ್‌ಗಳು ಹಗ್ಗ ನೋಡಿದ್ರೇ ಗದರ್ತಾರೆ.

ಆ ಸಿಟ್ಟನ್ನ ಮಗು ಮೇಲೆ ತೀರಿಸ್ಕೊಂಡೆ. "ಸದ್ದು ಮಾಡ್ದೆ ಹಾರೋಕಾಗಲ್ವಾ ನಿಂಗೆ?" ಅಂತ ರೇಗ್ಬಿಟ್ಟೆ. ಛೆ.

ಅಡುಗೆ ಮುಗಿಸಿ ಬಂದ್ರೆ, ಹಗ್ಗ ಮಂಚದ ಮೇಲಿತ್ತು. ಅವಳು ನಿಂತಲ್ಲೇ ಬರಿಗೈ ತಿರುಗಿಸ್ತಾ ಎಣಿಸ್ತಿದ್ಲು. ಕಾಲು ನೆಲ ಬಿಟ್ಟೇ ಇರ್ಲಿಲ್ಲ.

"ತೊಂಬತ್ತೊಂಬತ್ತು, ನೂರು! ಅಮ್ಮಾ, ಸದ್ದೇ ಬರ್ಲಿಲ್ಲ ಅಲ್ವಾ?"

ಜಾಣೆ ಅಂದೆ. ಇನ್ನೇನು ಅನ್ಲಿ.