ಮಾವನ ಹೆಬ್ಬೆರಳು

ಮಾರ್ಚ್ 3, ಭಾನುವಾರ

ಇವತ್ತೂ ಕೈಯೆಲ್ಲ ಸೀಮೆಎಣ್ಣೆ ವಾಸನೆ. ಮೂರು ಸಲ ಸೋಪು ಹಾಕಿದರೂ ಬಿಡಲೊಲ್ಲದು. ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ, ಮ್ಯಾನಿಫೋಲ್ಡ್, ಮುಗಿಯಿತು. ಮೊದಲು ಸೀಮೆಎಣ್ಣೆ, ಆಮೇಲೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಕೊನೆಗೆ ಪಾಲಿಷ್. ಕಾರಿನ ಅಲ್ಯುಮಿನಿಯಂ ಕೆಲಸವೆಲ್ಲ ನನ್ನ ಪಾಲು. ಇಂಜಿನ್ ಮೆಕ್ಯಾನಿಕ್‌ನದು. ಪರೀಕ್ಷೆ ಮಾವನದು. ಅವರ ಕಣ್ಣು ಮಂಜಾಗಿ ಆರು ವರ್ಷ — ಹೆಬ್ಬೆರಳಿನಲ್ಲೇ ನೋಡುತ್ತಾರೆ.

"ಇಲ್ಲಿನ್ನೂ ಬೂದಿ ಕೂತಿದೆಯಮ್ಮ, ಉಜ್ಜು."

ಮಾವ ನಲವತ್ತು ವರ್ಷ ಟ್ಯಾಕ್ಸಿ ಓಡಿಸಿದ ಕಾರು, ನಿಂತೇಹೋದದ್ದನ್ನು ಮತ್ತೆ ಓಡಿಸಲು ಹೊರಟಿದ್ದೇವೆ. ಮದುವೆಯಾಗಿ ಈ ಮನೆಗೆ ಬಂದದ್ದೂ ಇದರಲ್ಲೇ. ಅರ್ಧ ದಾರಿಯಲ್ಲಿ ಹೊಸ ಸೀಟಿನ ಮೇಲೆ ವಾಂತಿ. ನಾಚಿಕೆಯಿಂದ ಸತ್ತೇಹೋದೆ. ಮಾವ ತಿರುಗಿಯೂ ನೋಡದೆ, "ಇಂಜಿನ್ನೂ ಮೊದಲ ದಿನ ಹೊಗೆ ಉಗುಳತ್ತೆ, ಬಿಡು" ಅಂದಿದ್ದರು. ಅತ್ತೆ ಬಿದ್ದು ಬಿದ್ದು ನಕ್ಕಿದ್ದರು. ಅತ್ತೆ ಹೋಗಿ ಒಂಬತ್ತು ವರ್ಷ...

ಮಾರ್ಚ್ 6, ಬುಧವಾರ

ಮೆಕ್ಯಾನಿಕ್ ಟ್ಯಾಪೆಟ್ ಕವರ್ ಬಿಚ್ಚಿಕೊಟ್ಟ. ಇಂಜಿನ್ನಿನ ನೆತ್ತಿಯ ಮುಚ್ಚಳ. ಎಣ್ಣೆ ಸುಟ್ಟು ಕಲ್ಲಾಗಿದೆ. ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಯಿತು. ಒಳಗೆ ಹದಿನೆಂಟು ಯೂನಿಫಾರ್ಮ್ ಹೊಲಿಯುವುದಿದೆ, ಶುಕ್ರವಾರ ಕೊಡಬೇಕು. ಸಿಂಕ್ ಕಟ್ಟಿಕೊಂಡಾಗ ಹಾಕುವ ಕಾಸ್ಟಿಕ್ ಸೋಡಾದ ಡಬ್ಬಿ ಕಣ್ಣಿಗೆ ಬಿತ್ತು. ಸಿಂಕಿನ ಜಿಡ್ಡು ಬಿಡಿಸುವುದು ಇದರ ಜಿಡ್ಡು ಬಿಡಿಸದೇ?

ಮಾರ್ಚ್ 7, ಬೆಳಗ್ಗೆ

ಹಾಳಾಯಿತು. ಬಿಸಿನೀರಿನಲ್ಲಿ ಸೋಡಾ ಕಲಸಿ, ಕವರ್ ಮುಳುಗಿಸಿ, ಹೊಲಿಗೆಗೆ ಕೂತವಳು ಮರೆತೇಬಿಟ್ಟೆ. ಈಗ ನೋಡಿದರೆ ಕಪ್ಪು ಕಪ್ಪು. ಮೈತುಂಬ ಸಿಡುಬಿನ ಕಲೆಯಂಥ ಕುಳಿ. ಅಂಚು ತಿಂದುಹೋಗಿದೆ.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಅಕ್ಕಾ, ಅಲ್ಯುಮಿನಿಯಂಗೆ ಸೋಡಾ ಅಂದ್ರೆ ಬೆಲ್ಲಕ್ಕೆ ಇರುವೆ ಬಿಟ್ಟಂಗೆ. ಇನ್ನು ಇದರಲ್ಲಿ ಎಣ್ಣೆ ನಿಲ್ಲಲ್ಲ."

ನಮ್ಮವರಿಗೆ ಹೇಳಿದೆ. "ಅಪ್ಪನಿಗೆ ಹೇಳ್ಬೇಡ. ಗುಜರಿಯಲ್ಲಿ ಅಂಥದೇ ಇನ್ನೊಂದು ಸಿಗತ್ತೆ. ಅವರಿಗೇನು ಕಾಣತ್ತಾ?"

ಹೂಂ ಅಂದುಬಿಟ್ಟೆ. ಊಟ ಸೇರಲಿಲ್ಲ.

ಮಾರ್ಚ್ 9, ಶನಿವಾರ

ಸಿಕ್ಕಿತು. ಅದೇ ಅಳತೆ, ಅದೇ ಆಕಾರ. ಹಾಳಾದದ್ದನ್ನು ಗುಜರಿಯವನಿಗೇ ಕೊಟ್ಟು ಬಂದೆ. ಈ ಸಲ ಸೋಡಾದ ಸಹವಾಸ ಬೇಡ. ಬ್ರಷ್ಷು, ಸೋಪು, ತಾಳ್ಮೆ.

ಮಾರ್ಚ್ 17, ಭಾನುವಾರ

ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮಾವನ ಕೈಗೆ ಕೊಟ್ಟೆ. ಹೆಬ್ಬೆರಳು ಅಂಚಿನುದ್ದಕ್ಕೂ ಹೋಗಿ ಬಲಮೂಲೆಯಲ್ಲಿ ನಿಂತಿತು. ಹಿಂದೆ ಹೋಯಿತು. ಮತ್ತೆ ಅದೇ ಮೂಲೆ.

"ಇದು ನಮ್ದಲ್ಲ."

ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಮೂಲೆಯನ್ನೇ ಸವರುತ್ತ —

"ಆ ಮೂಲೇಲಿ ಒಂದು ತಗ್ಗಿತ್ತಮ್ಮ. ನಿಮ್ಮತ್ತೆ ಹಾಕಿದ್ದು. ಅಮ್ಮನಿಗೆ ಹುಷಾರಿಲ್ಲ, ತವರಿಗೆ ಕರ್ಕೊಂಡು ಹೋಗಿ ಅಂತ ಕೇಳ್ತಾನೇ ಇದ್ಲು. ನಾನು ಮೂರು ಭಾನುವಾರ ಇಂಜಿನ್ ಬಿಚ್ಕೊಂಡು ಕೂತೆ. ನಾಲ್ಕನೇದಕ್ಕೆ ಹೋದ್ವಿ. ಅವರಮ್ಮ ತೀರ್ಕೊಂಡು ಎರಡು ದಿನ ಆಗಿತ್ತು. ಸುದ್ದಿ ಹೊತ್ತ ಕಾಗದ ಇನ್ನೂ ದಾರೀಲಿತ್ತು."

ಮಾವ ಕವರ್ ಪಕ್ಕಕ್ಕಿಟ್ಟರು.

"ವಾಪಸ್ ಬಂದವಳೇ ಬಾನೆಟ್ ಎತ್ತಿ ಕುಟ್ಟಾಣಿ ತಗೊಂಡು ಹೊಡೆದ್ಲು. ಒಂದೇ ಏಟು. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಲು. ಆ ಮಾತು ಮತ್ತೆ ಯಾವತ್ತೂ ಎತ್ತಲಿಲ್ಲ. ನಾನೂ ಆ ತಗ್ಗು ತೆಗೆಸಲಿಲ್ಲ."

ಗುಜರಿ ಅಂಗಡಿಗೆ ಓಡಿದೆ. ಭಾನುವಾರ. ಬೀಗ.

ಮಾರ್ಚ್ 18, ಸೋಮವಾರ

ಅಂಗಡಿ ತೆಗೆಯುವ ಮೊದಲೇ ಬಾಗಿಲಲ್ಲಿದ್ದೆ. "ಅಲ್ಯುಮಿನಿಯಂ ಎಲ್ಲ ಮಧ್ಯಾಹ್ನ ಕರಗಿಸೋಕೆ ಹೋಗತ್ತೆ. ಅಷ್ಟರೊಳಗೆ ಹುಡುಕ್ಕೊಳ್ಳಿ" ಅಂದ. ಹನ್ನೊಂದು ಮೂಟೆ. ಕುಕ್ಕರ್ ಮುಚ್ಚಳ, ಫ್ಯಾನಿನ ರೆಕ್ಕೆ, ಕಿಟಕಿ ಚೌಕಟ್ಟು... ಬೆರಳು ಕುಯ್ದುಕೊಂಡೆ. ಏಳನೇ ಮೂಟೆಯ ತಳದಲ್ಲಿತ್ತು.

ಮಾವನ ತೊಡೆಯ ಮೇಲಿಟ್ಟೆ. ಹೆಬ್ಬೆರಳು ನೇರ ಮೂಲೆಗೇ ಹೋಯಿತು.

"ಮಾವ, ಸೋಡಾ ತಿಂದು ಅಲ್ಲಿ ತೂತಾಗಿದೆ."

"ಆಗ್ಲಿ ಬಿಡು. ಏಟು ಅಷ್ಟೇ ಜೋರಾಗಿತ್ತು."

ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಜಿನ್‌ಗೆ ಗುಜರಿದನ್ನೇ ಹಾಕ್ಲಿ. ಇದು ನನ್ ಹತ್ರ ಇರ್ಲಿ."

ತಪ್ಪಾಯಿತು ಮಾವ ಅಂದೆ. ನನ್ನ ತಲೆ ಹುಡುಕಿ ಕೈಯಿಟ್ಟರು. ಅಷ್ಟೇ.

ಏಪ್ರಿಲ್ 7, ಭಾನುವಾರ, ಬೆಳಗ್ಗೆ 8

ಸ್ಟಾರ್ಟ್ ಆಯಿತು! ಮೊದಲೆರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ಹಿಡಿದುಕೊಂಡಿತು. ಮಾವ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತೇ ಇದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಮೆಕ್ಯಾನಿಕ್ ಕುಣಿದ. ನಮ್ಮವರು ಸ್ಟೀರಿಂಗ್ ಹಿಡಿದು, "ಮೊದಲು ಎಲ್ಲಿಗಪ್ಪಾ?" ಅಂದರು.

ಮಾವ ನನ್ನ ಕಡೆ ತಿರುಗಿದರು. "ನಿಮ್ಮಮ್ಮನ್ನ ನೋಡಿ ಎಷ್ಟು ದಿನ ಆಯ್ತಮ್ಮ?"

ಲೆಕ್ಕ ಹಾಕಿದೆ. ಹನ್ನೊಂದು ತಿಂಗಳು. ಹೊಲಿಗೆ ಅಂತ, ಕಾರು ಅಂತ, ಮುಂದಿನ ವಾರ ಅಂತ.

"ಹೊರಡು. ನಾನೂ ಬರ್ತೀನಿ."

ಒಳಗೆ ಬಂದು ಎರಡು ಜೊತೆ ಬಟ್ಟೆ ತುರುಕಿಕೊಂಡೆ. ಅಮ್ಮನಿಗೆ ಫೋನ್ ಮಾಡಿಲ್ಲ. ಮಾಡುವುದೂ ಇಲ್ಲ. ಬಾಗಿಲು ತೆಗೆದಾಗ ಅವಳ ಮುಖ —

ಹಾರ್ನ್. ಮಾವನೇ ಒತ್ತುತ್ತಿರಬೇಕು, ಬಿಡುತ್ತಲೇ ಇಲ್ಲ, ಬಂದೆ ಮಾವ, ಬಂ