ಎಳನೀರು ಬೇಡವೆಂದು ಹೇಳಬೇಕಾದವರು ಯಾರು?

ದೊಡ್ಡಾಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಮ್ಮಪ್ಪ ಹುಚ್ಚಯ್ಯ ಸತ್ತದ್ದು ನಾನು ಕೆತ್ತಿಕೊಟ್ಟ ಎಳನೀರಿನಿಂದ. ಕೊಡಬಾರದೆಂದು ನಿಮ್ಮ ಆಸ್ಪತ್ರೆಯಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಓದಬೇಕೆಂದು ಕೋರುತ್ತೇನೆ. ಮೊದಲನೆಯದನ್ನಷ್ಟೇ ಓದಿ ನನ್ನನ್ನು ಬೈದರೆ ಬೈಸಿಕೊಳ್ಳುತ್ತೇನೆ. ಎರಡನೆಯದನ್ನಷ್ಟೇ ಓದಿ ಸಮಾಧಾನ ಮಾತ್ರ ಹೇಳಬೇಡಿ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೂಕನಕೆರೆ ಸುತ್ತಿನ ತೋಟಗಳಲ್ಲಿ ಮರ ಹತ್ತಿ ಕಾಯಿ ಕೀಳುತ್ತೇನೆ. ಹೋದ ವರ್ಷ, ತೊಂಬತ್ತಾರರ ಬೇಸಿಗೆಯಲ್ಲಿ, ಅಪ್ಪನ ಎರಡೂ ಮೂತ್ರಪಿಂಡ ಕೆಟ್ಟಿವೆಯೆಂದು ಗೊತ್ತಾಯಿತು. ವಾರಕ್ಕೆರಡು ಸಲ ಮೊದಲ ಬಸ್ಸಿಗೆ ನಿಮ್ಮಲ್ಲಿಗೆ ಕರೆತಂದೆ. ನಿಮ್ಮ ಯಂತ್ರ ರಕ್ತ ತೊಳೆಯಿತು. ಅದರ ಕೆಲಸದಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಮನೆಗೆ ಕಳಿಸುವಾಗ ಒಂದು ಚೀಟಿಯನ್ನೂ ಕೊಟ್ಟಿರಿ. ಏನು ತಿನ್ನಬೇಕು, ಏನು ಬಿಡಬೇಕು ಎಲ್ಲವೂ ಅದರಲ್ಲಿತ್ತಂತೆ, ಇಂಗ್ಲಿಷಿನಲ್ಲಿ. ಎಂಥ ಶಿಸ್ತು! ಔಷಧಿ ಅಂಗಡಿಯವನು ಮಾತ್ರೆಯ ಹೆಸರಷ್ಟೇ ಓದಿದ. ಡಾಕ್ಟರನ್ನು ಕೇಳಲು ಹೋದರೆ ಅವರು ನನ್ನ ಹಿಂದಿದ್ದವರನ್ನು ಕರೆದರು. ನರ್ಸಮ್ಮ ನಡೆಯುತ್ತಲೇ, "ಉಪ್ಪು ಕಮ್ಮಿ ಮಾಡ್ರಪ್ಪಾ" ಎಂದರು. ಉಪ್ಪು ಬಿಡಿಸಿದೆವು. ಹೇಳಿದ್ದನ್ನು ನಾವು ಕೇಳುವ ಜನ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಕಡೆ ಮೂತ್ರ ಕಟ್ಟಿದರೆ, ಉರಿದರೆ, ಮೊದಲ ಮದ್ದು ಎಳನೀರು. ಕಾಯಿಲೆಯವರನ್ನು ನೋಡಲು ಬರುವವರು ಬರಿಗೈಲಿ ಬರುವುದಿಲ್ಲ. ಎರಡಾದರೂ ಎಳನೀರು ತರುತ್ತಾರೆ. ಅವರು ತಂದದ್ದು ಸಾಲದೆಂದು ನಾನೇ ಮರ ಹತ್ತಿ ಒಂದು ಗೊನೆ ಇಳಿಸಿದೆ. ಒಂದು ಭಾನುವಾರ ಅಪ್ಪ ಜಗಲಿಯ ಮೇಲೆ ಕೂತು ಒಂದಾದ ಮೇಲೊಂದು ಕುಡಿದರು.

"ಇನ್ನೊಂದು ಕೆತ್ಲಾ ತಿಮ್ಮೇಶ. ನಿನ್ ಕೈಯಾಗ್ ಕುಡುದ್ರೆ ಜೀವ ಬಂದಂಗಾಯ್ತದೆ ಕಣ್ಲಾ."

ಎಂಟು ಕೆತ್ತಿಕೊಟ್ಟೆ. ಸಂಜೆ ಹೊತ್ತಿಗೆ ಅವರ ಕಾಲು ಎತ್ತಿಡಲಾರದಷ್ಟು ಸೋತವು. ಬಸ್ಸಿಗೆ ಹೊರಡಿಸುವಷ್ಟರಲ್ಲಿ ಎದೆ ನಿಂತಿತ್ತು.

ತಿಂಗಳ ನಂತರ ಅಪ್ಪನ ಕಾಗದಪತ್ರ ಪಡೆಯಲು ನಿಮ್ಮಲ್ಲಿಗೆ ಬಂದಾಗ ಅದೇ ನರ್ಸಮ್ಮ, "ಎಳನೀರು ಕೊಟ್ರಾ? ಅಯ್ಯೋ, ಚೀಟೀಲೇ ಬರ್ದಿತ್ತಲ್ಲಪ್ಪಾ" ಎಂದರು. ಎಳನೀರಿನಲ್ಲಿರುವ ಒಂದು ಲವಣವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು, ಅದು ರಕ್ತದಲ್ಲಿ ಸೇರಿ ಎದೆಯನ್ನು ನಿಲ್ಲಿಸುತ್ತದೆ ಎಂದು ಕಣ್ಣೊರೆಸಿಕೊಂಡು ವಿವರಿಸಿದರು. ಎಷ್ಟು ಚೆನ್ನಾಗಿ ಅರ್ಥವಾಯಿತು ಗೊತ್ತೇ? ಐದು ನಿಮಿಷವೂ ಹಿಡಿಯಲಿಲ್ಲ. ಆ ಐದು ನಿಮಿಷ ಅಪ್ಪ ಬದುಕಿದ್ದಾಗ ಎಲ್ಲಿತ್ತು?

ಈಗಲೂ ಮರ ಹತ್ತುತ್ತೇನೆ, ಬೇರೆ ಕೆಲಸ ಗೊತ್ತಿಲ್ಲ. ಗೊನೆಗೆ ಮಚ್ಚು ತಾಗಿಸಿದ ಕೂಡಲೇ ಕೆಳಗಿನಿಂದ "ಇನ್ನೊಂದು ಕೆತ್ಲಾ" ಎಂದು ಕೇಳಿಸುತ್ತದೆ. ಕೆಳಗೆ ನೋಡುವುದಿಲ್ಲ.

ಸತ್ತವರಿಗಾಗಿ ಈ ಪತ್ರ ಬರೆಯುತ್ತಿಲ್ಲ. ಅಕ್ಕ ಅಂಬಿಕಳಿಗೂ ಅದೇ ಕಾಯಿಲೆ ಎಂದು ಹೋದ ತಿಂಗಳು ನಿಮ್ಮಲ್ಲೇ ಹೇಳಿದರು. ಅದೇ ಚೀಟಿ, ಅದೇ ಇಂಗ್ಲಿಷು. ಊರಿನವರು ಎಳನೀರು ಹಿಡಿದು ಬರುತ್ತಾರೆ. ನಾನು ಬಾಗಿಲಲ್ಲಿ ಕೂತು ವಾಪಸು ಕಳಿಸುತ್ತೇನೆ. ಮೊನ್ನೆ ಪಕ್ಕದ ಮನೆಯ ಮುದ್ದಯ್ಯ ಮಾವ, "ಅಪ್ಪುಂಗೆ ಗೊನೆಗಟ್ಲೆ ಕುಡ್ಸಿದ್ದೆ, ಅಕ್ಕುಂಗೆ ಒಂದೂ ಬ್ಯಾಡ್ವೇನ್ಲಾ?" ಎಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಎಳನೀರು ವಿಷವೆಂದು ಮರ ಹತ್ತುವವನು ಹೇಳಿದರೆ ಯಾರು ನಂಬುತ್ತಾರೆ? ನಾನು ಕೆಲಸಕ್ಕೆ ಹೋದ ದಿನ ಬಾಗಿಲಲ್ಲಿ ಯಾರು ಕೂರುತ್ತಾರೆ?

ನನ್ನ ಬೇಡಿಕೆ ಹೊಸ ಯಂತ್ರವಲ್ಲ. ರಕ್ತ ತೊಳೆಯುವ ಕೋಣೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಸಿ. ರೋಗಿಯ ಪರವಾಗಿ ಕೇಳುವ, ರೋಗಿಗೆ ನಮ್ಮ ಮಾತಿನಲ್ಲಿ ಹೇಳುವ, ಹೇಳಿದ್ದನ್ನು ಮನೆಯವರ ಬಾಯಿಂದ ವಾಪಸು ಹೇಳಿಸಿಕೊಂಡೇ ಬಸ್ಸಿಗೆ ಬಿಡುವ ಒಬ್ಬರನ್ನು ಅಲ್ಲಿ ಕೂರಿಸಿ. ಅಕ್ಕನ ಮುಂದಿನ ಸರದಿ ಗುರುವಾರ. ಅಷ್ಟರೊಳಗೆ ಯಾರೂ ಸಿಗದಿದ್ದರೆ ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ನನಗೆ ಹೇಳಲು ಬರುವುದು ಒಂದೇ ಸಂಗತಿ. ಅದನ್ನು ಬಂದವರಿಗೆಲ್ಲ ಹೇಳುತ್ತೇನೆ, ಕೊಟ್ಟವನು ನಾನೇ ಎಂಬುದನ್ನೂ ಸೇರಿಸಿ.

ಇಂತಿ,
ಎಂಟನೆಯದನ್ನೂ ಕೆತ್ತಿಕೊಟ್ಟ ಮಗ,
ತಿಮ್ಮೇಶ